ಆಶ್ರಯಕೇಂದ್ರಗಳಿಗೆ ಹೆಚ್ಚಿನ ಹಣವೂ ಸೂರಿಲ್ಲದವರ ಸಂಖ್ಯೆಯೂ

2011ನೆಯ ಇಸವಿಯ ಫೆಬ್ರವರಿ ತಿಂಗಳ 28ನೆಯ ದಿನದ ರಾತ್ರಿ, ದೇಶದ ಉಳಿದ ಜನರೆಲ್ಲರೂ ತಂತಮ್ಮ ಮನೆಗಳ ಕದವಿಕ್ಕಿಕೊಂಡು ಮಲಗಿರಲಾಗಿ, ಜನಗಣತಿಯ ಸಿಬ್ಬಂದಿಯವರು ಬೀದಿಗಿಳಿದು, ಬಸ್ ನಿಲ್ದಾಣದ ಕಟ್ಟೆ, ರೈಲ್ವೆ ಪ್ಲಾಟ್‌ಫಾರಂ, ದೇವಾಲಯದ ಮಂಟಪ, ಸೇತುವೆಯ ಅಡಿ, ರಸ್ತೆಯ ಬದಿಗೆ ಉರುಳಿಸಿದ್ದ ಸಿಮೆಂಟು ಕೊಳವೆ, ಹೀಗೆ ಮನುಷ್ಯನಾದವನು ತಲೆಯಿಡಬಹುದಾದ ತಾವುಗಳನ್ನೆಲ್ಲ ಹುಡುಕಿ, ಅಲ್ಲಿ ಮಲಗಿದ್ದವರನ್ನು ಎಣಿಸಿದರು. ಆ ಎಣಿಕೆಯ ಮೊತ್ತ 17.7 ಲಕ್ಷ. ಹತ್ತು ವರ್ಷಗಳ ಹಿಂದೆ, 2001ರಲ್ಲಿ, ಅದು 19.4 ಲಕ್ಷವಾಗಿದ್ದಿತು. ಒಟ್ಟು ಮೊತ್ತ ಇಳಿಯಿತೆಂದು ಸಮಾಧಾನಪಡತಕ್ಕವರು ಅದರ ಒಳವಿವರವನ್ನೂ ಒಮ್ಮೆ ನೋಡಬೇಕು. ಗ್ರಾಮಗಳಲ್ಲಿ 11.6 ಲಕ್ಷವಿದ್ದುದು 8.3 ಲಕ್ಷಕ್ಕೆ ಇಳಿಯಿತು, ನಗರಗಳಲ್ಲಿ 7.8 ಲಕ್ಷವಿದ್ದುದು 9.4 ಲಕ್ಷಕ್ಕೆ ಏರಿತು. ಹಳ್ಳಿಯ ಕಟ್ಟೆಯ ಮೇಲೆ ಮಲಗಿದ್ದವರಲ್ಲಿ ಎಷ್ಟು ಮಂದಿ ಮನೆ ಕಂಡರು, ಎಷ್ಟು ಮಂದಿ ಪೇಟೆಯ ಕಟ್ಟೆಗೆ ಬಂದು ಸೇರಿದರು ಎಂಬುದನ್ನು ಗಣತಿಯ ಕೋಷ್ಟಕ ಹೇಳುವುದಿಲ್ಲ.

ಆಶ್ರಯಕೇಂದ್ರಗಳಿಗೆ ಸರಕಾರವು ಈಗ ಕೊಡುತ್ತಿರುವುದಕ್ಕಿಂತ ಹೆಚ್ಚಿನ ಹಣವನ್ನು ವಿನಿಯೋಗಿಸಿದಲ್ಲಿ ಈ ಸಂಖ್ಯೆ ತಗ್ಗೀತೇ ಎಂಬುದು ನಮ್ಮ ಮುಂದಿರುವ ಪ್ರಶ್ನೆ. ಗಣತಿಯ ನಿಯಮಾವಳಿಯೇ ಇದಕ್ಕೆ ಒಂದು ಚಮತ್ಕಾರದ ಉತ್ತರವನ್ನು ಒದಗಿಸುತ್ತದೆ. ಆಶ್ರಮ, ರಕ್ಷಣಾಗೃಹ, ಭಿಕ್ಷುಕರ ಗೃಹ ಮೊದಲಾದ ಕಡೆ ಇರುವವರನ್ನು ಅದು ಮನೆಯಿಲ್ಲದವರ ಪಟ್ಟಿಯಲ್ಲಿ ಸೇರಿಸದೆ, ಸಾಂಸ್ಥಿಕ ಕುಟುಂಬ ಎಂಬ ಬೇರೊಂದು ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ಅಂದಮೇಲೆ ಬೀದಿಯಲ್ಲಿದ್ದವನನ್ನು ಎಬ್ಬಿಸಿ ತಂದು ಸರಕಾರಿ ಕಟ್ಟಡದ ಜಮಖಾನೆಯ ಮೇಲೆ ಮಲಗಿಸಿದ ಮಾತ್ರಕ್ಕೆ ಲೆಕ್ಕದಲ್ಲಿ ಒಂದು ತಲೆ ಕಡಿಮೆಯಾಗಬಹುದು. ಊರಿನಲ್ಲಿ ಮನೆ ಮಾತ್ರ ಒಂದೂ ಹೆಚ್ಚಿರುವುದಿಲ್ಲ. ಇಂಥ ಇಳಿತವನ್ನು ಇಳಿತವೆಂದು ಒಪ್ಪುವುದಾದರೆ ಚರ್ಚೆ ಇಲ್ಲಿಗೇ ಮುಗಿಯುತ್ತದೆ. ಒಪ್ಪದವರಿಗಾಗಿ, ಎಂದರೆ ಮನುಷ್ಯನು ತನ್ನದೆಂದು ಹೇಳಿಕೊಳ್ಳಬಹುದಾದ ಒಂದು ಬಾಗಿಲು ಅವನಿಗೆ ದೊರೆತಾಗಲೇ ಅವನ ನಿರ್ಗತಿ ನೀಗಿತೆಂದು ತಿಳಿಯುವವರಿಗಾಗಿ, ಈ ಸಮೀಕ್ಷೆ.

ಆಶ್ರಯದಾನವು ನಮ್ಮ ನಾಡಿಗೆ ಹೊಸದೇನಲ್ಲ. ಹಾವೇರಿ ಜಿಲ್ಲೆಯ ನೆರೆಯ ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯಲ್ಲಿದ್ದ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನವು, ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅಲ್ಲಿ ಅನ್ನವಿತ್ತೆಂದೂ, ರೋಗಿಗಳಿಗೆ ಚಿಕಿತ್ಸೆಯ ಏರ್ಪಾಡಿತ್ತೆಂದೂ, ವೇದಶಾಸ್ತ್ರಗಳ ಪಾಠದೊಡನೆ ಒಂದೇ ಉಸಿರಿನಲ್ಲಿ ಹೇಳಿಕೊಳ್ಳುತ್ತದೆ. ಬನವಾಸಿ ಪನ್ನಿರ್ಚ್ಛಾಸಿರವೆಂಬ ಹಳೆಯ ನಾಡಿನ ಉದ್ದಗಲಕ್ಕೂ ಸತ್ರಗಳಿಗೆ ಭೂಮಿ ಬಿಟ್ಟ ದತ್ತಿಗಳುಂಟು. ಆಮೇಲಿನ ಕಾಲದ ಧರ್ಮಛತ್ರಗಳೂ, ಮುಸಾಫಿರಖಾನೆಗಳೂ, ಇಂದಿಗೂ ಒಲೆ ಆರದ ಮಠಗಳ ದಾಸೋಹಗಳೂ ಅದೇ ಬೇರಿನಿಂದ ಒಡೆದ ಚಿಗುರುಗಳು. ಅನ್ನದ ವಿಷಯದಲ್ಲಿ ಈ ಪರಂಪರೆ ಎಂದೂ ಲೆಕ್ಕ ಹಿಡಿದುದಿಲ್ಲ. ವಸತಿಯ ವಿಷಯದಲ್ಲಿ ಮಾತ್ರ ಅದರ ಹಿಂದೆ ಒಂದು ಭಾವನೆ ಅಡಗಿದ್ದಿತು. ಛತ್ರಕ್ಕೆ ಬಂದವನು ಎಲ್ಲಿಗೋ ಹೊರಟವನು. ಅವನಿಗೆ ಹಿಂದೆ ಒಂದು ಊರುಂಟು, ಮುಂದೆ ಒಂದು ಊರುಂಟು. ನಡುವಣ ರಾತ್ರಿಗೆ ಮಾತ್ರ ಛತ್ರ. ಹಿಂದೆಯೂ ಮುಂದೆಯೂ ಊರಿಲ್ಲದವನನ್ನು ಛತ್ರದ ಕಟ್ಟಳೆ ಊಹಿಸಿಕೊಂಡಿರಲಿಲ್ಲ. ನಮ್ಮ ಕಾಲದ ಆಶ್ರಯಕೇಂದ್ರವು ಹೆಸರು ಬದಲಿಸಿಕೊಂಡಿದೆಯೇ ಹೊರತು ಈ ಊಹೆಯನ್ನು ಬದಲಿಸಿಕೊಂಡಂತೆ ತೋರುವುದಿಲ್ಲ.

ಸರಕಾರದ ಕಡೆಯಿಂದ ನೋಡಿದರೆ ಕರ್ನಾಟಕದಲ್ಲಿ ಆಶ್ರಯಕ್ಕಿಂತ ಬಂಧನವೇ ಮೊದಲು ಬಂದಿತು. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಅಧಿನಿಯಮದ ಪ್ರಕಾರ ಬೀದಿಯಲ್ಲಿ ಕೈಯೊಡ್ಡಿದವನನ್ನು ಹಿಡಿದು ತಂದು ಪರಿಹಾರ ಕೇಂದ್ರದಲ್ಲಿ ಮೂರು ವರ್ಷಗಳವರೆಗೂ ಇರಿಸಿಕೊಳ್ಳಬಹುದು. 2010ರ ಆಗಸ್ಟಿನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಹತ್ತಾರು ನಿರಾಶ್ರಿತರು ಅಸುನೀಗಿದ ಸುದ್ದಿ ಹೊರಬಿದ್ದಾಗ, ಸೂರೊಂದು ಇದ್ದಮಾತ್ರಕ್ಕೆ ಅದರಡಿಯಲ್ಲಿ ಜೀವ ಉಳಿಯಬೇಕೆಂಬ ನಿಯಮವಿಲ್ಲವೆಂಬುದನ್ನು ನಾಡು ನೋಡಿತು. ಅದೇ ವರ್ಷದ ಆದಿಯಲ್ಲಿ, ದೆಹಲಿಯ ಪೂಸಾ ರಸ್ತೆಯ ರಾತ್ರಿ ಆಶ್ರಯವೊಂದನ್ನು ಚಳಿಗಾಲದ ನಡುವೆ ಕೆಡವಿದ ಪ್ರಕರಣದ ಬೆನ್ನಿಗೆ, ದೊಡ್ಡ ನಗರಗಳಲ್ಲಿ ಒಂದು ಲಕ್ಷ ಜನಸಂಖ್ಯೆಗೆ ಒಂದರಂತೆ ವರ್ಷವಿಡೀ, ಇಪ್ಪತ್ತನಾಲ್ಕು ಗಂಟೆಯೂ ತೆರೆದಿರತಕ್ಕ ಆಶ್ರಯಗಳು ಇರಬೇಕೆಂದು ಸರ್ವೋಚ್ಚ ನ್ಯಾಯಾಲಯವು ಅಪ್ಪಣೆ ಮಾಡಿತು. 2013ರಲ್ಲಿ ಹುಟ್ಟಿದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನವು ಇದನ್ನೇ ಯೋಜನೆಯಾಗಿಸಿ, ತಲೆಯೊಂದಕ್ಕೆ 50 ಚದರ ಅಡಿ ಜಾಗ, ಲಕ್ಷ ಜನಕ್ಕೆ ನೂರು ಮಂದಿಯ ವಸತಿ, ಐದು ವರ್ಷಗಳವರೆಗೆ ನಿರ್ವಹಣೆಯ ವೆಚ್ಚ ಎಂದು ಗೊತ್ತುಮಾಡಿತು.

ಹಣವಿಲ್ಲದೆ ಕೆಲಸ ನಿಂತಿತೇ ಎಂದು ಕೇಳಿದರೆ, ಕಾಗದಪತ್ರಗಳು ಬೇರೆಯೇ ಕಥೆಯನ್ನು ಹೇಳುತ್ತವೆ. ನಗರದ ವಸತಿಹೀನರ ಆಶ್ರಯಗಳನ್ನು ಕುರಿತ ಇ. ಆರ್. ಕುಮಾರ್ ಪ್ರಕರಣದಲ್ಲಿ 2016ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿವೃತ್ತ ನ್ಯಾಯಮೂರ್ತಿ ಕೈಲಾಸ ಗಂಭೀರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಆ ನೇಮಕಕ್ಕೆ ಕಾರಣವೇ, ಕೇಂದ್ರವು ಬಿಡುಗಡೆ ಮಾಡಿದ ಹಣವನ್ನು ರಾಜ್ಯಗಳು ಖರ್ಚು ಮಾಡದೆ ಇಟ್ಟುಕೊಂಡದ್ದು, ಮಂಜೂರಾದ ಆಶ್ರಯಗಳಲ್ಲಿ ಬಹುಪಾಲು ಕಾಗದದ ಮೇಲೆಯೇ ಉಳಿದದ್ದು. ಪೇಟೆಯ ನಡುವೆ ಜಾಗ ದೊರೆಯದು. ಊರ ಹೊರಗೆ ಕಟ್ಟಿದರೆ ಯಾರೂ ಹೋಗರು. ಕಟ್ಟಿದ ಮೇಲೆ ನಡೆಸುವ ಸಂಸ್ಥೆಗೆ ಸಕಾಲಕ್ಕೆ ಹಣ ಪಾವತಿಯಾಗದು. ಕಾವಲುಗಾರ ಒಬ್ಬನೇ, ಹೆಂಗಸರಿಗೆ ಪ್ರತ್ಯೇಕ ಕೋಣೆ ನಕ್ಷೆಯಲ್ಲಿ ಮಾತ್ರ. 2024ರಲ್ಲಿ ಆ ಜೀವನೋಪಾಯ ಅಭಿಯಾನದ ಅವಧಿಯೂ ಮುಗಿಯಿತು. 2025ರ ಫೆಬ್ರವರಿಯಲ್ಲಿ ಅದೇ ಪ್ರಕರಣದ ವಿಚಾರಣೆ ನಡೆಯುತ್ತಿರುವಾಗ, ಬಿಟ್ಟಿ ಸೌಲಭ್ಯಗಳಿಂದ ನಾವು ಪರಾವಲಂಬಿಗಳ ವರ್ಗವೊಂದನ್ನು ಬೆಳೆಸುತ್ತಿಲ್ಲವೇ ಎಂದು ನ್ಯಾಯಪೀಠವೇ ಕೇಳಿದ್ದು ವರದಿಯಾಯಿತು. ನ್ಯಾಯಾಸನದ ಮೇಲಿನ ಗೌರವಕ್ಕೆ ಕುಂದು ಬಾರದಂತೆ ಇಷ್ಟನ್ನು ಹೇಳಬಹುದು: 50 ಚದರ ಅಡಿಯ ನೆಲದ ಮೇಲೆ ಅಪರಿಚಿತರ ನಡುವೆ ಒಂದು ರಾತ್ರಿ ಮಲಗುವ ಆಸೆಯಿಂದ ಸ್ವಂತ ಮನೆಯನ್ನೂ ದುಡಿಮೆಯನ್ನೂ ಬಿಟ್ಟುಬಂದ ಮನುಷ್ಯನನ್ನು ಈ ಲೇಖಕನು ಕಂಡಿಲ್ಲ, ಕಂಡವರನ್ನೂ ಕಂಡಿಲ್ಲ.

ಇನ್ನು ನಮ್ಮ ಸೀಮೆಗೆ ಬರೋಣ. 2011ರ ಗಣತಿಯಂತೆ ಹಾವೇರಿ ಜಿಲ್ಲೆಯಲ್ಲಿ ಲಕ್ಷದ ಗಡಿ ದಾಟಿದ ಪಟ್ಟಣ ರಾಣೆಬೆನ್ನೂರು ಒಂದೇ. ಅಲ್ಲಿ 1,06,406 ಜನ. ಜಿಲ್ಲಾ ಕೇಂದ್ರವಾದ ಹಾವೇರಿಯಲ್ಲಿ 67 ಸಾವಿರ. ಬ್ಯಾಡಗಿ ಇದರ ಅರ್ಧಕ್ಕಿಂತ ಕಡಿಮೆ. ಲಕ್ಷಕ್ಕೊಂದು ಎಂಬ ಸೂತ್ರವನ್ನು ಅಕ್ಷರಶಃ ಹಿಡಿದರೆ ರಾಣೆಬೆನ್ನೂರಿನ ಪಾಲಿಗೆ ಒಂದು ಕೇಂದ್ರ ಬರುತ್ತದೆ, ಬ್ಯಾಡಗಿಯ ಪಾಲಿಗೆ ಅದರ ಒಂದು ಮೂಲೆ. ರಾಣೆಬೆನ್ನೂರಿನ ಬಳಿಯ ಹಲಗೇರಿಯ ಪಾಲಿಗೆ ಏನೂ ಇಲ್ಲ. ಏಕೆಂದರೆ ಅದು ಗ್ರಾಮ, ಅಭಿಯಾನದ ಯೋಜನೆಯು ನಗರದ್ದಾಗಿತ್ತು. ದೇಶದ ಸೂರಿಲ್ಲದವರಲ್ಲಿ ಸುಮಾರು ಅರ್ಧದಷ್ಟು ಜನ ಹಳ್ಳಿಗಳಲ್ಲಿ ಇರುವಾಗ ಆಶ್ರಯದ ಯೋಜನೆ ಇಡಿಯಾಗಿ ನಗರದ್ದಾಗಿರುವುದು ಈ ವಿಷಯದಲ್ಲಿ ಅತ್ಯಂತ ಕಡಿಮೆ ಚರ್ಚೆಗೆ ಬಂದ ಸಂಗತಿ. ಮಗ ಸೊಸೆಯರೊಡನೆ ಬಾಳಲಾರದ ಮುದುಕಿಯೋ, ಗಂಡ ಸತ್ತ ಮೇಲೆ ಮೈದುನರು ಹೊರಹಾಕಿದ ಹೆಂಗಸೋ ಹಲಗೇರಿಯಂಥ ಊರಿನಲ್ಲಿ ಮೊದಲು ಬಂಧುಗಳ ದನದ ಕೊಟ್ಟಿಗೆಯಲ್ಲಿ, ಆಮೇಲೆ ಗುಡಿಯ ಕಟ್ಟೆಯ ಮೇಲೆ ದಿನ ದೂಡಿ, ಊರವರ ಕಣ್ಣಿಗೆ ಬೀಳುವ ನಾಚಿಕೆ ತಡೆಯಲಾರದಾದಾಗ ರಾಣೆಬೆನ್ನೂರಿನ ಬಸ್ಸು ಹತ್ತುತ್ತಾಳೆ. ಬಸ್ ನಿಲ್ದಾಣದಲ್ಲಿ ಇಳಿದ ಕ್ಷಣದಿಂದ ಅವಳು ನಗರದ ವಸತಿಹೀನಳಾಗಿ ಇಂಥ ಯೋಜನೆಯ ಫಲಾನುಭವಿಯಾಗಲು ಅರ್ಹಳು. ಅದಕ್ಕೆ ಮುಂಚಿನ ಅವಳ ಕಷ್ಟಗಳಿಗೆಲ್ಲ ಯಾವ ತಲೆಬರೆಹವೂ ಇಲ್ಲ.

ಬ್ಯಾಡಗಿಯ ಮಾತು ಬೇರೆ. ಅಲ್ಲಿ ವಸತಿಹೀನತೆಗೆ ಒಂದು ಋತುವಿದೆ. ಜನವರಿಯಿಂದ ಬೇಸಗೆಯವರೆಗೆ ಒಣಮೆಣಸಿನಕಾಯಿಯ ಹಂಗಾಮಿನಲ್ಲಿ, ವ್ಯಾಪಾರದ ದಿನಗಳಂದು, ಮಾರುಕಟ್ಟೆಗೆ ಲಕ್ಷಗಟ್ಟಲೆ ಚೀಲ ಬಂದು ಬೀಳುತ್ತದೆ. ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲಿನ ಕಡೆಯಿಂದ ಮಾಲು ತಂದ ರೈತರು, ಲಾರಿಯ ಚಾಲಕರು, ಹಮಾಲರು, ತೊಟ್ಟು ಬಿಡಿಸುವ ಹೆಂಗಸರು, ಎಲ್ಲರಿಗೂ ಆ ಪೇಟೆ ಕೂಲಿಯನ್ನೋ ಬೆಲೆಯನ್ನೋ ಕೊಡುತ್ತದೆ. ಹಾಸಿಗೆಯನ್ನು ಕೊಡುವುದಿಲ್ಲ. ಚೀಲದ ರಾಶಿಯ ಮೇಲೆಯೇ ಮಲಗಿದರೆ ಮಾಲಿನ ಕಾವಲೂ ಆಯಿತು, ನಿದ್ರೆಯೂ ಆಯಿತು ಎಂಬುದು ರೂಢಿ. ಹೀಗೆ ಮಲಗಿದವನಿಗೆ ಊರಲ್ಲಿ ಮನೆಯುಂಟು, ಹೊಲವುಂಟು, ಅವನನ್ನು ನಿರ್ಗತಿಕನೆನ್ನಲಾಗದು. ಆದರೆ ಹಂಗಾಮು ಮುಗಿದ ಮೇಲೂ ಊರಿಗೆ ಹಿಂದಿರುಗದೆ, ಸಾಲದ ಮುಖ ನೋಡಲಾರದೆ, ಕುಡಿತಕ್ಕೋ ಕಾಯಿಲೆಗೋ ಸಿಕ್ಕಿ, ಪೇಟೆಯ ಅಂಗಡಿಗಳ ಜಗಲಿಯಲ್ಲೇ ಉಳಿದುಬಿಡುವ ಕೆಲವರು ಪ್ರತಿಯೊಂದು ದೊಡ್ಡ ಸಂತೆಪೇಟೆಯಲ್ಲೂ ಇರುತ್ತಾರೆ. ತಾತ್ಕಾಲಿಕವಾದುದು ಶಾಶ್ವತವಾಗಿ ಪರಿಣಮಿಸುವ ಜಾಗ ಅದು. ಇಲ್ಲಿ ಬೇಕಾದುದು ಅನಾಥಾಲಯದ ಮಾದರಿಯ ಕೇಂದ್ರವಲ್ಲ; ಮೀಯಲು ನೀರು, ಗಂಟು ಇಡಲು ಬೀಗವುಳ್ಳ ಪೆಟ್ಟಿಗೆ, ಹೆಂಗಸರಿಗೆ ಶೌಚಾಲಯ, ಹಂಗಾಮಿನ ತಿಂಗಳುಗಳಲ್ಲಿ ಅಲ್ಪ ಬಾಡಿಗೆಯ ಶ್ರಮಿಕ ವಸತಿ. ಅದಕ್ಕೆ ಹಣವನ್ನು ಸಮಾಜ ಕಲ್ಯಾಣದ ಬಾಬಿನಲ್ಲಿ ಬೇಡುವುದು ಸರಿಯಲ್ಲವೆಂದು ನನಗೆ ತೋರುತ್ತದೆ. ಆ ಬೆವರಿನಿಂದ ಶುಲ್ಕ ವಸೂಲು ಮಾಡುವ ಮಾರುಕಟ್ಟೆಯೇ ಅದನ್ನು ಭರಿಸತಕ್ಕದ್ದು.

ಅಲೆಮಾರಿಗಳ ಪ್ರಶ್ನೆ ಇನ್ನೂ ಜಟಿಲ. ಸುಡುಗಾಡು ಸಿದ್ಧರು, ಬುಡ್ಗ ಜಂಗಮರು, ಹಂದಿಜೋಗಿಗಳು, ಗೊಂದಲಿಗರು, ಘಿಸಾಡಿಗಳು, ವಂಶಾವಳಿ ಹೇಳುತ್ತ ಎತ್ತಿನ ಗಾಡಿಯಲ್ಲಿ ಬರುವ ಹೆಳವರು, ಇವರೆಲ್ಲರೂ ಉತ್ತರ ಕರ್ನಾಟಕದ ಊರುಗಳ ಹೊರವಲಯದಲ್ಲಿ ಗುಡಾರ ಹೂಡುತ್ತ ಬಂದವರು. ಸಂಸಾರ, ಕೂಸು, ಕೋಳಿ, ಕತ್ತೆ, ಹಂದಿ, ಕಸುಬಿನ ಸಾಮಾನು, ಇಷ್ಟನ್ನೂ ಕಟ್ಟಿಕೊಂಡವನಿಗೆ ಗಂಡಸರಿಗೊಂದು, ಹೆಂಗಸರಿಗೊಂದು ಎಂದು ಬೇರ್ಪಡಿಸಿದ ಸಭಾಂಗಣ ಏತಕ್ಕೂ ಬಾರದು. ಎಷ್ಟೇ ಹಣ ಸುರಿದು ಅಂಥ ಸಭಾಂಗಣವನ್ನು ವಿಸ್ತರಿಸಿದರೂ ಅವನು ಅದರ ಹೊಸ್ತಿಲು ತುಳಿಯುವುದಿಲ್ಲ. ಅವನಿಗೆ ಬೇಕಾದುದು ನಿವೇಶನ. ರಾಜ್ಯದಲ್ಲಿ ದೇವರಾಜ ಅರಸು ವಸತಿ ಯೋಜನೆಯು ಅಲೆಮಾರಿಗಳು, ವಿಧವೆಯರು, ಅಂಗವಿಕಲರು, ದೇವದಾಸಿಯರು, ಜೀತವಿಮುಕ್ತರು ಮೊದಲಾದವರಿಗೆಂದೇ ಇರುವುದುಂಟು. ಆದರೆ ಮನೆ ಮಂಜೂರಾಗಬೇಕಾದರೆ ಮೊದಲು ನಿವೇಶನವಿರಬೇಕು, ರೇಷನ್ ಕಾರ್ಡಿರಬೇಕು, ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳಿರಬೇಕು, ಈ ಕಾಗದಗಳೆಲ್ಲ ವಿಳಾಸವನ್ನು ಕೇಳುತ್ತವೆ, ವಿಳಾಸವೆಂದರೆ ಮನೆ. ವೃತ್ತದ ಒಳಗೆ ಸೇರಲು ಬಾಗಿಲೇ ಇಲ್ಲ. ಕೇಂದ್ರದ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಬಯಲುಸೀಮೆಯ ಮನೆಗೆ ಕೊಡುವ 1.20 ಲಕ್ಷ ರೂಪಾಯಿಯು 2016ರಲ್ಲಿ ಗೊತ್ತುಮಾಡಿದ ಮೊತ್ತ. ಅಂದಿನಿಂದ ಸಿಮೆಂಟು, ಕಬ್ಬಿಣ, ಗೌಂಡಿಯ ಕೂಲಿ ಎಷ್ಟು ಏರಿದವೆಂಬುದನ್ನು ಮನೆ ಕಟ್ಟಿಸಿದವರು ಬಲ್ಲರು. ಅಡಿಪಾಯಕ್ಕೆ ಬಂದು ನಿಂತ ಮನೆಗಳನ್ನು ಕಾಣಲು ಬಹುದೂರ ಹೋಗಬೇಕಾಗಿಲ್ಲ.

ಹಣವು ನೇರವಾಗಿ ಮನೆಗೆ ತಲುಪಿದರೆ ಏನಾಗುತ್ತದೆಂಬುದಕ್ಕೆ ಈ ಜಿಲ್ಲೆಯಲ್ಲಿಯೇ ಒಂದು ನಿದರ್ಶನವಿದೆ. 2019ರ ಆಗಸ್ಟಿನಲ್ಲಿ ವರದೆ, ಧರ್ಮಾ, ಕುಮುದ್ವತಿ, ತುಂಗಭದ್ರೆಗಳು ಒಟ್ಟಿಗೆ ಉಕ್ಕಿ ಹರಿದಾಗ ಮಣ್ಣಿನ ಗೋಡೆಯ ಮನೆಗಳು ಕುಸಿದು, ಜನರು ಶಾಲೆಗಳಲ್ಲಿ ತೆರೆದ ಗಂಜಿ ಕೇಂದ್ರಗಳನ್ನು ಸೇರಿದರು. ಗಂಜಿ ಕೇಂದ್ರವು ಪ್ರಾಣವನ್ನುಳಿಸಿತು. ಶಾಲೆ ಮತ್ತೆ ಶುರುವಾಗಬೇಕಾದುದರಿಂದ ಕೆಲವೇ ದಿನಗಳಲ್ಲಿ ಮುಚ್ಚಿತು. ಪೂರ್ಣವಾಗಿ ಬಿದ್ದ ಮನೆಗೆ ಸರಕಾರ ಘೋಷಿಸಿದ 5 ಲಕ್ಷ ರೂಪಾಯಿ ಕಂತು ಕಂತಾಗಿ ಬಂದು, ಹಲವರು ಮನೆ ಕಟ್ಟಿಕೊಂಡರು. ಹಾನಿಯ ವರ್ಗೀಕರಣದಲ್ಲಿ ಕೆಳಗಿನ ದರ್ಜೆಗೆ ಬಿದ್ದವರೂ, ಬಾಡಿಗೆಯ ಮನೆಯಲ್ಲಿದ್ದವರೂ, ಹಕ್ಕುಪತ್ರವಿಲ್ಲದವರೂ ತಾಲೂಕು ಕಚೇರಿಗೆ ಅಲೆದರು. ಗಂಜಿ ಕೇಂದ್ರಕ್ಕೆ ಇನ್ನೆಷ್ಟೇ ಅಕ್ಕಿ ಕಳಿಸಿದ್ದರೂ ಆ ಮನೆಗಳು ಏಳುತ್ತಿರಲಿಲ್ಲ. ಹಾಗೆಂದು ಗಂಜಿ ಕೇಂದ್ರವೇ ಬೇಡವಾಗಿತ್ತೆಂದು ಹೇಳುವ ಎದೆ ಯಾರಿಗಿದೆ?

ಮನಸ್ಸಿನ ಸ್ವಾಸ್ಥ್ಯ ಕೆಟ್ಟು ಅಲೆಯುವವರ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿಯೇ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು ಅಂಥವರನ್ನು ರಕ್ಷಣೆಗೆ ತೆಗೆದುಕೊಂಡು ಚಿಕಿತ್ಸೆಗೆ ಒಪ್ಪಿಸುವ ಹೊಣೆಯನ್ನು ಪೊಲೀಸ್ ಠಾಣಾಧಿಕಾರಿಯ ಮೇಲೆ ಹೊರಿಸಿದೆ. ನಮ್ಮ ಭಾಗಕ್ಕೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ತೊಡಕಿರುವುದು ಚಿಕಿತ್ಸೆಯಾದ ಮೇಲೆ: ಕುಟುಂಬವು ಕೈಬಿಟ್ಟಿದೆಯೆಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇರಿಸಿಕೊಳ್ಳಕೂಡದೆಂದು ಅದೇ ಕಾನೂನು ಹೇಳುತ್ತದೆ, ಹೊರಗೆ ಬಂದವನು ನಿಲ್ಲಬೇಕಾದ ನಡುದಾರಿಯ ಆಸರೆಮನೆಗಳೋ (ಹಾಫ್‌ವೇ ಹೋಮ್) ಬೆರಳೆಣಿಕೆ. ವೃದ್ಧರಿಗೂ ಅಷ್ಟೆ. ಜಿಲ್ಲೆಗೆ ಒಂದರಂತೆ ಕನಿಷ್ಠ 150 ಮಂದಿಯ ವೃದ್ಧಾಶ್ರಮಗಳನ್ನು ರಾಜ್ಯ ಸರಕಾರವು ಸ್ಥಾಪಿಸಬಹುದೆಂದು 2007ರ ಹಿರಿಯ ನಾಗರಿಕರ ಅಧಿನಿಯಮ ಹೇಳಿ ಎಷ್ಟೋ ವರ್ಷಗಳಾದವು. ಈ ಎರಡು ಗುಂಪಿನವರಿಗೆ, ಮಿಕ್ಕ ಯಾರಿಗಲ್ಲದಿದ್ದರೂ, ಆಶ್ರಯಕ್ಕೆ ಕೊಡುವ ಹೆಚ್ಚಿನ ಹಣ ನೇರವಾಗಿ ಫಲ ಕೊಡುತ್ತದೆ. ಏಕೆಂದರೆ ಇವರಿಗೆ ಇಟ್ಟಿಗೆಯ ಮನೆಯೊಂದೇ ಸಾಲದು; ಊಟ, ಔಷಧಿ, ಮಾತನಾಡಿಸುವ ಒಂದು ಜೀವ, ಇವೂ ಕೂಡಿದ ಮನೆ ಬೇಕು.

ಹೊರದೇಶಗಳ ಅನುಭವವೂ ಇದೇ ದಿಕ್ಕಿಗೆ ಬೊಟ್ಟು ಮಾಡುತ್ತದೆ. ನ್ಯೂಯಾರ್ಕ್ ನಗರದಲ್ಲಿ 1979ರಲ್ಲಿ ಹೂಡಿದ ದಾವೆಯೊಂದರ ಫಲವಾಗಿ 1981ರಲ್ಲಿ, ಕೇಳಿದ ಮನೆಯಿಲ್ಲದ ಪ್ರತಿಯೊಬ್ಬ ಗಂಡಸಿಗೂ ಆಶ್ರಯ ಕೊಡಲೇಬೇಕೆಂಬ ಕರಾರು ಏರ್ಪಟ್ಟಿತು. ಅಲ್ಲಿಯಷ್ಟು ಹಣವನ್ನು ಆಶ್ರಯಗಳಿಗೆ ಸುರಿದ ನಗರಗಳು ಲೋಕದಲ್ಲಿ ವಿರಳ. ಅದರ ಫಲ ಎರಡು ಬಗೆಯದು: ಅಲ್ಲಿನ ನಿರ್ಗತಿಕರಲ್ಲಿ ಬೀದಿಯಲ್ಲಿ ಮಲಗುವವರು ನೂರಕ್ಕೆ ಕೆಲವೇ ಮಂದಿಯಷ್ಟೇ, ಕ್ಯಾಲಿಫೋರ್ನಿಯಾದಲ್ಲಿಯೋ ಮೂವರಲ್ಲಿ ಇಬ್ಬರು ಬಯಲಿನಲ್ಲಿ, ಆದರೂ ಆಶ್ರಯಗಳಲ್ಲಿ ರಾತ್ರಿ ಕಳೆಯುವವರ ಸಂಖ್ಯೆ ದಶಕದಿಂದ ದಶಕಕ್ಕೆ ಬೆಳೆಯುತ್ತಲೇ ಹೋಯಿತು, ಬಾಡಿಗೆ ಏರುತ್ತಲೇ ಇದ್ದುದರಿಂದ. ಫಿನ್ಲೆಂಡಿನವರು ತದ್ವಿರುದ್ಧವಾದ ದಾರಿ ಹಿಡಿದರು. 2008ರಿಂದ ಮೊದಲು ಮನೆ, ಆಮೇಲೆ ಉಳಿದುದು ಎಂಬ ನೀತಿಯನ್ನನುಸರಿಸಿ ರಾತ್ರಿ ಆಶ್ರಯಗಳನ್ನೇ ಬಾಡಿಗೆಯ ಕೋಣೆಗಳುಳ್ಳ ಮನೆಗಳಾಗಿ ಮಾರ್ಪಡಿಸಿದರು. ಹೆಲ್ಸಿಂಕಿಯಲ್ಲಿ 1985ರಲ್ಲಿ ಎರಡು ಸಾವಿರಕ್ಕೂ ಮೀರಿದ್ದ ಆಶ್ರಯದ ಹಾಸಿಗೆಗಳು 2016ರ ವೇಳೆಗೆ ಐವತ್ತರ ಸುಮಾರಿಗೆ ಇಳಿದವು. 1980ರ ದಶಕದ ನಡುವೆ ದೇಶದಲ್ಲಿ 20 ಸಾವಿರದ ಹತ್ತಿರವಿದ್ದ ವಸತಿಹೀನರು 2023ರ ಹೊತ್ತಿಗೆ 4 ಸಾವಿರಕ್ಕಿಂತ ಕಡಿಮೆಯಾದರು. 2024ರಲ್ಲಿ ಆ ಸಂಖ್ಯೆ ಮತ್ತೆ ತುಸು ಏರಿತೆಂಬುದನ್ನೂ ಹೇಳಬೇಕು. ಸುಮಾರು ಐವತ್ತಾರು ಲಕ್ಷ ಜನರ ಶ್ರೀಮಂತ ದೇಶದ ಉಪಾಯವನ್ನು ಇಡಿಯಾಗಿ ತಂದು ತುಂಗಭದ್ರೆಯ ದಡದಲ್ಲಿ ನೆಡಬಹುದೆಂದು ನಾನು ಹೇಳಲಾರೆ. ಆದರೆ ಅವರು ಹಣ ಹೆಚ್ಚಿಸಿದ್ದು ಮನೆಗೆ, ತಗ್ಗಿಸಿದ್ದು ಆಶ್ರಯಕ್ಕೆ, ಎಂಬುದು ಗಮನಿಸತಕ್ಕ ವಿಷಯ.

ಆದಕಾರಣ ನನ್ನ ಅಭಿಪ್ರಾಯವು ಇಷ್ಟು. ಆಶ್ರಯಕೇಂದ್ರದ ಹಣ ಹೆಚ್ಚಿದರೆ ಮಳೆಗೆ ನೆನೆಯುವವರು, ಲಾರಿಯ ಗಾಲಿಗೆ ಸಿಗುವವರು, ರಾತ್ರಿ ಲಾಠಿಯ ತುದಿಯಿಂದ ಎಬ್ಬಿಸಿಕೊಳ್ಳುವವರು ಕಡಿಮೆಯಾಗುವರು. ಈ ಲಾಭವೇ ವೆಚ್ಚಕ್ಕೆ ಸಾಕಾದ ಸಮರ್ಥನೆ, ಬೇರೆ ಸಮರ್ಥನೆಗೆ ಕಾಯಬೇಕಾದ್ದಿಲ್ಲ. ಮನೆಯಿಲ್ಲದವರು ಮಾತ್ರ ಇದರಿಂದ ಕಡಿಮೆಯಾಗುವುದಿಲ್ಲ. ಕಡಿಮೆಯಾಗಬೇಕಾದರೆ ಹೆಚ್ಚಿಗೆ ಕೊಡುವ ಪ್ರತಿ ರೂಪಾಯಿಗೂ ಒಂದು ಷರತ್ತು ಬೇಕು: ಕೇಂದ್ರದಲ್ಲಿ ಎಷ್ಟು ಹಾಸಿಗೆ ತುಂಬಿತೆಂದು ಲೆಕ್ಕ ಕೇಳುವ ಬದಲು, ವರ್ಷದಲ್ಲಿ ಎಷ್ಟು ಮಂದಿಗೆ ರೇಷನ್ ಕಾರ್ಡು, ಪಿಂಚಣಿ, ನಿವೇಶನ, ಬಾಡಿಗೆಯ ಕೋಣೆ ಸಿಕ್ಕಿ ಅವರು ಮರಳಿ ಬಾರದೆ ಹೋದರೆಂದು ಕೇಳತಕ್ಕದ್ದು. ಕೇಂದ್ರದ ವಿಳಾಸವನ್ನೇ ಸರಕಾರಿ ಕಾಗದಗಳಿಗೆ ಸಿಂಧುವಾದ ವಿಳಾಸವೆಂದು ಒಪ್ಪಿಕೊಂಡರೆ, ಮೇಲೆ ಹೇಳಿದ ವೃತ್ತಕ್ಕೆ ಕಾಸೂ ಖರ್ಚಿಲ್ಲದೆ ಒಂದು ಬಾಗಿಲು ತೆರೆಯುತ್ತದೆ.

ಹಣ ಎಲ್ಲಿಂದ ಎಂದು ಕೇಳುವವರಿಗೆ ಒಂದು ಮಾತು. ಕರ್ನಾಟಕದಲ್ಲಿ ಆಸ್ತಿತೆರಿಗೆ ಕಟ್ಟುವ ಪ್ರತಿಯೊಬ್ಬ ಮನೆಯೊಡೆಯನೂ, ಗ್ರಂಥಾಲಯ ಕರ ಮೊದಲಾದವುಗಳ ಜೊತೆಗೆ, ತೆರಿಗೆಯ ಶೇಕಡಾ 3ರಷ್ಟು ಭಿಕ್ಷುಕರ ಕರವನ್ನು ಈಗಾಗಲೇ ಕೊಡುತ್ತಿದ್ದಾನೆ. ಮನೆಯುಳ್ಳವರು ಇಲ್ಲದವರಿಗಾಗಿ ಕೊಡುವ ಈ ಹಣವನ್ನು ಸ್ಥಳೀಯ ಸಂಸ್ಥೆಗಳು ಸಂಗ್ರಹಿಸಿ, ಮೇಲೆ ಹೇಳಿದ ಭಿಕ್ಷಾಟನೆ ನಿಷೇಧ ಅಧಿನಿಯಮದಡಿಯ ಕೇಂದ್ರ ಪರಿಹಾರ ಸಮಿತಿಗೆ ಸಲ್ಲಿಸಬೇಕು. ಸಲ್ಲಿಸದೆ ಬಾಕಿ ಉಳಿಸಿಕೊಳ್ಳುತ್ತವೆಂಬ ದೂರು ಬಹುಕಾಲದ್ದು. ಏಪ್ರಿಲ್ ತಿಂಗಳಲ್ಲಿ ಶೇಕಡಾ 5ರ ರಿಯಾಯಿತಿಗಾಗಿ ರಾಣೆಬೆನ್ನೂರಿನ ನಗರಸಭೆಯಲ್ಲೋ ಬ್ಯಾಡಗಿಯ ಪುರಸಭೆಯಲ್ಲೋ ಸರದಿ ನಿಲ್ಲುವ ಓದುಗರೂ, ಹಲಗೇರಿಯ ಪಂಚಾಯಿತಿಯಲ್ಲಿ ಕರ ಕಟ್ಟುವ ಓದುಗರೂ, ರಶೀದಿಯಲ್ಲಿ ಆ ಬಾಬನ್ನು ಹುಡುಕಿ, ಕಳೆದ ವರ್ಷ ಅದರಲ್ಲಿ ಎಷ್ಟು ವಸೂಲಾಯಿತು, ಎಷ್ಟು ಸಮಿತಿಗೆ ಹೋಯಿತು, ತಾಲೂಕಿಗೆ ಅದರಿಂದ ಏನು ಬಂದಿತು ಎಂದು ಒಂದು ಅರ್ಜಿ ಬರೆದು ಕೇಳಲಿ. ಮಾಹಿತಿ ಹಕ್ಕು ಅಧಿನಿಯಮದ ಪ್ರಕಾರ ಅದಕ್ಕೆ 30 ದಿನಗಳೊಳಗೆ ಉತ್ತರ ಕೊಡತಕ್ಕದ್ದು.